ಗುರುತು ಬೆನ್ನಿಗೆ

ಅತ್ತಿಗೆಯನ್ನು ಮನೆಗೆ ತಂದವಳು ನೀನೇ ಅಲ್ಲವೇ ಎಂದು ಯಾರಾದರೂ ನೆನಪಿಸಿದರೆ ಮೊಗ್ಗಿಗೆ ನಾಲಿಗೆ ಕಚ್ಚಿಕೊಂಡಂತಾಗುತ್ತಿತ್ತು. ಅದೇನೂ ಸುಳ್ಳಲ್ಲ. ಲ್ಯಾಬಿನ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಪಕ್ಕದ ಮೇಜಿನ ಗೆಳತಿ ಅದರೊಳಗೆ ಸಿಕ್ಕಿಕೊಂಡಾಗ, ಲಿಫ್ಟ್ ರಿಪೇರಿ ಮಾಡುವ ತನ್ನ ಅಣ್ಣನಿಗೆ ಫೋನು ಮಾಡಿ ಕರೆಸಿದವಳು ಅವಳೇ. ಅಣ್ಣ ಬಂದವನು ಬಾಗಿಲಿನ ಸಂದಿಗೆ ಬಾಯಿಟ್ಟು, ಹೆದರಬೇಡಿ, ಏನಾದರೂ ಮಾತಾಡುತ್ತಾ ಇರಿ ಅಂದ. ಹೇಳಿಕೇಳಿ ಆ ಗೆಳತಿಗೆ ಲ್ಯಾಬಿನಲ್ಲಿ ಗಿಲಕಿ ಎಂಬ ಅಡ್ಡಹೆಸರಿತ್ತು. ಬಾಗಿಲು ತೆರೆಯುವಷ್ಟರಲ್ಲಿ ಅವಳು ತನ್ನ ಬಾಲ್ಯ, ತನ್ನ ಹಲ್ಲುನೋವು, ತನ್ನ ದೊಡ್ಡಪ್ಪನ ಎರಡನೇ ಮದುವೆ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ರಿಪೇರಿ ಮುಗಿದ ಮೇಲೂ ಅಣ್ಣ ಆ ಲಿಫ್ಟನ್ನು ಪರೀಕ್ಷಿಸಲು ಬರುತ್ತಲೇ ಇದ್ದ. ಅಷ್ಟು ಆರೈಕೆ ಕಂಡ ಲಿಫ್ಟು ಆ ಊರಿನಲ್ಲಿ ಇನ್ನೊಂದಿರಲಿಲ್ಲ.

ಮೊಗ್ಗು ಎನ್ನುವುದು ಅಣ್ಣನೇ ಇಟ್ಟ ಹೆಸರು. ಚಿಕ್ಕಂದಿನಿಂದ ಬಾಯಿ ಬಿಡದ ಹುಡುಗಿ, ಯಾವತ್ತು ಅರಳುತ್ತಾಳೋ ನೋಡೋಣ ಅಂತ. ಹೊರಗಿನವರ ಮುಂದೆ ಅವಳ ಗಂಟಲಿಗೆ ಬೀಗ ಬೀಳುತ್ತಿತ್ತು. ಮಾತೇನಿದ್ದರೂ ಇಬ್ಬರ ಹತ್ತಿರ: ಬೆಳಗ್ಗೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಅಣ್ಣನ ಬೆನ್ನಿಗೆ, ಆಮೇಲೆ ಲ್ಯಾಬಿನಲ್ಲಿ ಗಿಲಕಿಯ ಕಿವಿಗೆ. ಮದುವೆಯಾದ ಮೇಲೆ ಆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳತೊಡಗಿದರು. ಜಗತ್ತಿನಲ್ಲಿ ಅವಳಿಗಿದ್ದ ಎರಡು ಬಾಗಿಲುಗಳು ಒಂದರೆದುರೊಂದು ತೆರೆದುಕೊಂಡು, ನಡುವೆ ಅವಳು ಗೋಡೆಗೆ ಒತ್ತಿಕೊಂಡು ನಿಂತಂತಾಯಿತು.

ಅಮ್ಮ ಬೇರೆ ಕಟ್ಟುನಿಟ್ಟು ಮಾಡಿದಳು. ಇಷ್ಟು ದಿನ ಲೇ, ಬಾರೇ, ಹೋಗೇ ಅಂದದ್ದು ಸಾಕು, ಇನ್ನು ಬಾಯ್ತುಂಬ ಅತ್ತಿಗೆ ಅನ್ನು ಅಂದಳು. ಮನೆಯಲ್ಲಿ ಸರಿ. ಲ್ಯಾಬಿನಲ್ಲಿ ಎಲ್ಲರೆದುರು ಅತ್ತಿಗೆ ಅಂದರೆ ನಗುತ್ತಾರೆ, ಲೇ ಅಂದರೆ ಅಮ್ಮನ ಮುಖ ಕಣ್ಣೆದುರು ಬರುತ್ತದೆ. ಕೊನೆಗೆ ಮೊಗ್ಗು ಅವಳನ್ನು ಏನೂ ಕರೆಯದೆ ಇರುವುದನ್ನು ರೂಢಿ ಮಾಡಿಕೊಂಡಳು. ಕರೆಯದೆ ಮಾತು ಶುರುವಾಗುವುದು ಹೇಗೆ? ಮಾತೂ ನಿಂತಿತು. ಅತ್ತಿಗೆಗೆ ಅದು ತಿಳಿಯಲೇ ಇಲ್ಲ. ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವುದು ಅವಳಿಗೆ ಮೊದಲಿನಿಂದ ಅಭ್ಯಾಸವಾಗಿತ್ತು.

ತಾನು ಲ್ಯಾಬಿನಲ್ಲಿ ಮಾಡುವುದೇನು ಎಂದು ತಿಳಿಸಲು ಮೊಗ್ಗು ಹಿಂದೊಮ್ಮೆ ಅಡುಗೆಮನೆಯ ತಟ್ಟೆಗಳನ್ನು ತಂದು ಅಣ್ಣನ ಮುಂದೆ ಪೇರಿಸಿದ್ದಳು. ಬಣ್ಣದ ಒಂದೊಂದು ಅಣುವೂ ಒಂದೊಂದು ಚಪ್ಪಟೆ ತಟ್ಟೆ. ಗಾಜಿನ ಚೂರಿನ ಮೇಲೆ ಮೊದಲು ಬೇರಿನಂಥ ಅಣುಗಳನ್ನು ಕಚ್ಚಿಸಬೇಕು. ಆಮೇಲೆ ಅದನ್ನು ಬಣ್ಣದ ದ್ರಾವಣದಲ್ಲಿ ಇಳಿಬಿಟ್ಟರೆ ಬೇರಿನ ಮೇಲೊಂದು ತಟ್ಟೆ, ಅದರ ಮೇಲೆ ಇನ್ನೊಂದು, ಹೀಗೆ ತಮ್ಮಷ್ಟಕ್ಕೆ ತಾವೇ ನೆಟ್ಟಗೆ ಪೇರಿಕೊಂಡು ಬೆಳೆಯುತ್ತವೆ. ಬೆಳಕು ಬಿದ್ದಾಗ ಅದರ ಕಸುವು ತಟ್ಟೆಯಿಂದ ತಟ್ಟೆಗೆ ಇಳಿದು, ಗಾಜಿನ ಮೇಲಿನ ಲೇಪ ಸೇರಿ ವಿದ್ಯುತ್ತಾಗಿ ಹರಿಯುತ್ತದೆ. ತಟ್ಟೆಗಳ ಅಟ್ಟಿ ನೆಟ್ಟಗಿದ್ದರೆ ಮಾತ್ರ. ತಟ್ಟೆಗಳನ್ನು ರಾಶಿ ಸುರಿದರೆ ಬಣ್ಣ ಎಷ್ಟಿದ್ದರೂ ಬೆಳಕು ಒಳಗೇ ದಾರಿ ತಪ್ಪಿ ಸಾಯುತ್ತದೆ.

"ಅಂದ್ರೆ ಇದೂ ಲಿಫ್ಟೇ ಅನ್ನು," ಅಂದಿದ್ದ ಅಣ್ಣ. "ಹಳಿ ಸೊಟ್ಟಗಿದ್ರೆ ಪೆಟ್ಟಿಗೆ ಇಳಿಯಲ್ಲ."

ತನ್ನ ಕೆಲಸ ಇಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿಲ್ಲ ಅಂತ ಆವತ್ತು ಅವಳಿಗೆ ಅನ್ನಿಸಿತ್ತು. ಈಗ ಅದೇ ಮಾತನ್ನು ಅವನು ಅತ್ತಿಗೆಗೆ ಹೇಳಿ ನಗಿಸುತ್ತಿದ್ದ.

ಮೊಗ್ಗಿನದು ಕೆಂಪು ಬಣ್ಣ, ಅತ್ತಿಗೆಯದು ನೀಲಿ. ಇಬ್ಬರೂ ಒಟ್ಟಿಗೇ ಸೇರಿದವರು. ಲ್ಯಾಬಿನ ಮುಖ್ಯಸ್ಥೆಯಾದ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: ಎರಡೂ ಬಣ್ಣಗಳನ್ನು ಸಾಕುವುದು ನಮ್ಮಿಂದಾಗದು. ದೀಪದ ಕೆಳಗೆ ಹೆಚ್ಚು ವಿದ್ಯುತ್ತು ಕೊಟ್ಟದ್ದು ಉಳಿಯುತ್ತದೆ. ಅದನ್ನು ಬೆಳೆಸಿದವಳಿಗೆ ಮುಂದಿನ ಯೋಜನೆಯ ಹೊಣೆ, ಜೊತೆಗಾರರನ್ನು ಆರಿಸಿಕೊಳ್ಳುವ ಮಾತೂ ಅವಳದೇ. ಇನ್ನೊಂದು ಬಣ್ಣ ಅಲ್ಲಿಗೇ ನಿಲ್ಲುತ್ತದೆ. ಮೊಗ್ಗಿಗೆ ಆ ಕೆಂಪನ್ನು ಬಿಟ್ಟರೆ ತನ್ನದು ಅನ್ನುವಂಥದ್ದು ಏನೂ ಉಳಿದಿರಲಿಲ್ಲ. ಸ್ಕೂಟರಿನ ಸೀಟು ಹೋಗಿತ್ತು, ಗೆಳತಿ ಹೋಗಿದ್ದಳು, ಮನೆಯಲ್ಲಿ ಅಮ್ಮನ ಪಕ್ಕದ ಕುರ್ಚಿಯೂ ಹೋಗಿತ್ತು. ಕೆಂಪೊಂದನ್ನು ಅವಳು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು.

ಇಲ್ಲಿ ಗಾಜಿನ ಗುರುತಿನ ವಿಷಯ ಹೇಳಬೇಕು. ಲ್ಯಾಬಿನ ಗಾಜಿಗೆ ವಿದ್ಯುತ್ ಹರಿಯುವ ಲೇಪ ಇರುವುದು ಒಂದೇ ಮುಖಕ್ಕೆ. ಬೇರು ಕಚ್ಚುವುದೂ ಆ ಮುಖಕ್ಕೇ. ಕಣ್ಣಿಗೆ ಮಾತ್ರ ಎರಡು ಮುಖವೂ ಒಂದೇ. ಮೀಟರಿನ ಮೊನೆ ತಾಗಿಸಿ ನೋಡಬಹುದು, ಆದರೆ ಸಲಸಲಕ್ಕೂ ತಾಗಿಸಿದರೆ ಲೇಪ ಗೀಚಿಹೋಗುತ್ತದೆ. ಅದಕ್ಕೇ ಇಡೀ ಲ್ಯಾಬಿಗೆ ಒಬ್ಬರೇ ಗಾಜು ಕತ್ತರಿಸಿ, ತೊಳೆದು, ಒಂದೇ ಸಲ ಮೀಟರಿಟ್ಟು ನೋಡಿ, ವಜ್ರದ ಮೊನೆಯ ಕಡ್ಡಿಯಿಂದ ಮೂಲೆಯಲ್ಲೊಂದು ಗೀಟು ಎಳೆದಿಡುತ್ತಿದ್ದರು. ಉಳಿದವರು ಆ ಗೀಟನ್ನು ನಂಬುತ್ತಿದ್ದರು. ಆ ಕೆಲಸ ಮೊಗ್ಗಿನದು. ಮಾತು ಬೇಡದ ಕೆಲಸ, ಅವಳಿಗೆ ಹೇಳಿಮಾಡಿಸಿದಂತಿತ್ತು.

ಮೊದಲೆಲ್ಲ ಗೀಟು ಲೇಪದ ಮುಖಕ್ಕೇ ಬೀಳುತ್ತಿತ್ತು. ಗೀಟಿನಿಂದೆದ್ದ ಗಾಜಿನ ಪುಡಿಯ ಸುತ್ತ ಬಣ್ಣ ಗಂಟು ಕಟ್ಟುವುದನ್ನು ಕಂಡ ಮೇಡಂ, ಇನ್ನು ಮುಂದೆ ಗುರುತು ಬೆನ್ನಿಗೆ ಹಾಕು, ಎಲ್ಲರಿಗೂ ಹೇಳಿಬಿಡು ಅಂದರು. ಆಗ ಅತ್ತಿಗೆ ಮದುವೆಯ ರಜೆಯಲ್ಲಿ ಅಣ್ಣನ ಜೊತೆ ಊರೂರು ಸುತ್ತುತ್ತಿದ್ದಳು. ಮೊಗ್ಗು ಉಳಿದವರ ಮೇಜಿಗೆಲ್ಲ ಹೋಗಿ ಪಿಸುಗುಟ್ಟಿ ಬಂದಳು. ಅತ್ತಿಗೆಗೆ ಬಂದ ದಿನ ಹೇಳಿದರಾಯಿತು ಅಂದುಕೊಂಡಳು.

ಅತ್ತಿಗೆ ಕೆಲಸಕ್ಕೆ ಮರಳಿದ ದಿನ ಮೊಗ್ಗು ಬಸ್ಸಿನಲ್ಲಿ ನಿಂತು, ಯಾರದೋ ಚೀಲ ಸೊಂಟಕ್ಕೆ ತಿವಿಸಿಕೊಳ್ಳುತ್ತಾ ಬಂದಳು. ಕಟ್ಟಡದ ಮುಂದೆ ಇಳಿದಾಗ ಎದುರಿಗೇ ಸ್ಕೂಟರು ನಿಂತಿತ್ತು. ಹಿಂದಿನ ಸೀಟಿನಿಂದ ಅತ್ತಿಗೆ ಇಳಿದು ಹೆಲ್ಮೆಟ್ ತೆಗೆದಳು. ಹಳದಿ ಹೆಲ್ಮೆಟ್, ಕಿವಿಯ ಹತ್ತಿರ ಬೆಕ್ಕಿನ ಚಿತ್ರ ಅಂಟಿಸಿದ್ದು. ಆ ಬೆಕ್ಕನ್ನು ಅಂಟಿಸಿದವಳು ಮೊಗ್ಗು. ಅಣ್ಣ ಹೆಲ್ಮೆಟ್ಟನ್ನು ಇಸಿದುಕೊಂಡು, ಅತ್ತಿಗೆಯ ಕೆದರಿದ ಕೂದಲನ್ನು ಎರಡು ಬೆರಳಿನಿಂದ ಸರಿಮಾಡಿ ಹೊರಟುಹೋದ. ತಂಗಿ ಬಸ್ಸಿನಿಂದ ಇಳಿದದ್ದನ್ನು ಅವನು ನೋಡಲೂ ಇಲ್ಲ.

ಹೇಳಬೇಕಿದ್ದ ಮಾತು ಬಾಯಿಯ ತನಕ ಬಂದಿತ್ತು. ಮೊಗ್ಗು ನುಂಗಿಕೊಂಡಳು. ನುಂಗಿದ್ದು ಹೊಟ್ಟೆಗಿಳಿದು ಅಲ್ಲೇ ಉರಿಯತೊಡಗಿತು.

ಅಷ್ಟಾದರೂ ಅವಳು ಲೆಕ್ಕ ಹಾಕಿ ಮುಚ್ಚಿಟ್ಟಳು ಅನ್ನುವಂತಿಲ್ಲ. ಮರುದಿನ ಹೇಳೋಣ ಅಂದುಕೊಂಡಳು. ಮರುದಿನ ಅತ್ತಿಗೆ ಮೇಡಂ ಕೋಣೆಯಲ್ಲಿ ನಗುತ್ತಾ ಕೂತಿದ್ದಳು. ಆಮೇಲೆ ಆ ವಿಷಯ ನಿಜಕ್ಕೂ ಮರೆತೇ ಹೋಯಿತು.

ನೆನಪಾದದ್ದು ಅತ್ತಿಗೆಯ ನೀಲಿ ಗಾಜು ಲ್ಯಾಬಿನ ಬಾಯಲ್ಲೆಲ್ಲ ಓಡಾಡತೊಡಗಿದ ಮೇಲೆ. ಅದು ಅಂತಿಂಥ ನೀಲಿಯಲ್ಲ. ಸೀಸೆಯಿಂದ ಎತ್ತಿದರೆ ಶಾಯಿಯಲ್ಲಿ ಅದ್ದಿದಂತೆ, ನೋಡಿದವರ ಕಣ್ಣು ಅಲ್ಲೇ ಅಂಟಿಕೊಳ್ಳುವಂತೆ ಗಾಢವಾಗಿತ್ತು. ದೀಪದ ಕೋಣೆಯ ಉಸ್ತುವಾರಿ ನೋಡಿಕೊಳ್ಳುವವನನ್ನು ಎಲ್ಲರೂ ಲ್ಯಾಂಪಣ್ಣ ಅನ್ನುತ್ತಿದ್ದರು. ಆತ ಅದನ್ನು ಕಿಟಕಿಗೆ ಹಿಡಿದು ನೋಡಿ, ಇದನ್ನ ಪೆನ್ನಿಗೆ ತುಂಬಿಕೊಂಡು ಪರೀಕ್ಷೆ ಬರೆಯಬಹುದು ಕಣಮ್ಮ ಅಂದ. ಆಮೇಲೆ ಮೊಗ್ಗಿನ ಕೆಂಪು ಗಾಜನ್ನು ಹಿಡಿದು ನೋಡಿ, ನಿನ್ನದು ಚಹಾ ಕುಡಿದ ಲೋಟ ತೊಳೆದ ನೀರಿನ ಹಾಗಿದೆಯಲ್ಲ ಅಂತ ನಕ್ಕ. ಮೇಡಂ ಕೂಡ ನೀಲಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತರು. ಮೊಗ್ಗು ಆ ಗಳಿಗೆಯನ್ನು ಲೆಕ್ಕ ಇಟ್ಟುಕೊಂಡಳು.

ಅತ್ತಿಗೆ ಊಟಕ್ಕೆ ಹೋದಾಗ ಮೊಗ್ಗು ಅವಳ ಸೀಸೆಗಳ ಮುಂದೆ ಬಗ್ಗಿ ಕೂತಳು. ಅಂಥದ್ದೇನು ಮಾಡುತ್ತಾಳೆ? ದ್ರಾವಣ ಅದೇ, ಬೇರು ಅದೇ, ಗಾಜು ತಾನೇ ಕತ್ತರಿಸಿ ಕೊಟ್ಟದ್ದು. ನೋಡುತ್ತಾ ನೋಡುತ್ತಾ ಅವಳ ಕಣ್ಣು ಗಾಜಿನ ಮೂಲೆಗೆ ಹೋಯಿತು. ಗಾಜನ್ನು ಸೀಸೆಯಲ್ಲಿ ಓರೆಯಾಗಿ, ಲೇಪದ ಮುಖ ಕೆಳಗೆ ಬರುವಂತೆ ಒರಗಿಸಿಡುವುದು ಅಲ್ಲಿಯ ಕ್ರಮ. ದ್ರಾವಣದಲ್ಲಿ ಕಟ್ಟಿಕೊಂಡ ಹರಳು ಗಸಿ ಎಲ್ಲ ಬೆನ್ನಿನ ಮೇಲೆ ಬೀಳಲಿ ಎಂದು ಹಾಗೆ. ಬೇರಿಲ್ಲದ ಬರಿ ಗಾಜಿಗೆ ಅದು ಅಂಟುವುದಿಲ್ಲ, ತೊಳೆದರೆ ಹೋಗುತ್ತದೆ. ಬೆನ್ನಿನ ಗೀಟು ಮೇಲೆ ಕಾಣಬೇಕು. ಅತ್ತಿಗೆಯ ಗಾಜಿನಲ್ಲಿ ಗೀಟು ಕೆಳಗಿತ್ತು. ಎಲ್ಲ ಸೀಸೆಗಳಲ್ಲೂ ಕೆಳಗಿತ್ತು.

ಮೊಗ್ಗು ಹಾಗೇ ಕೂತುಬಿಟ್ಟಳು. ಅತ್ತಿಗೆಗೆ ಗುರುತೆಂದರೆ ಈಗಲೂ ಲೇಪದ ಮುಖವೇ. ಹಾಗಾಗಿ ಲೇಪ ಮೇಲಾಗಿ, ಸೀಸೆಯ ಗಸಿಯೆಲ್ಲ ಅದರ ಮೇಲೇ ಬಿದ್ದು, ಬೇರುಗಳ ನಡುವೆ ಸಿಕ್ಕಿಕೊಂಡು ಕೂತಿತ್ತು. ಎಲ್ಲರ ಕಣ್ಣು ಕುಕ್ಕಿದ ಆ ನೀಲಿ ಅಟ್ಟಿಯಲ್ಲ, ರಾಶಿ. ದೀಪದ ಕೆಳಗಿಟ್ಟರೆ ಅದರ ಬಂಡವಾಳ ಬಯಲಾಗುತ್ತದೆ.

ಎದೆಯಲ್ಲಿ ಯಾರೋ ಸಕ್ಕರೆ ಹಂಚಿದಂತಾಯಿತು. ಎಷ್ಟೋ ದಿನಗಳ ಮೇಲೆ ಅವಳು ಪೂರ್ತಿ ಉಸಿರು ಎಳೆದುಕೊಂಡಳು. ಆಮೇಲೆ ನಾಚಿಕೆ ಬಂತು, ಬಂದಷ್ಟೇ ಬೇಗ ಹೋಯಿತು. ನಾನೇನು ಮಾಡಿದೆ? ಏನೂ ಮಾಡಲಿಲ್ಲ. ಏನೂ ಮಾಡದಿದ್ದರೆ ಅದು ತಪ್ಪು ಹೇಗಾದೀತು? ಈಗ ಹೇಳಿದರೆ ಅತ್ತಿಗೆ ಹೊಸದಾಗಿ ಬೆಳೆಸಿಕೊಳ್ಳಬಹುದು, ದೀಪದ ಪರೀಕ್ಷೆಗೆ ಇನ್ನೂ ಅಷ್ಟು ಸಮಯವಿತ್ತು. ಹೇಳದಿದ್ದರೆ ಕೆಂಪು ಉಳಿಯುತ್ತದೆ. ಅವಳು ಎದ್ದು ಹೋಗಿ ಕೈ ತೊಳೆದುಕೊಂಡಳು. ಕೈಗೆ ಏನೂ ಆಗಿರಲಿಲ್ಲ.

ಮನೆಯಲ್ಲೂ ನೀಲಿಯದೇ ಸುದ್ದಿ. ಊಟದ ಮೇಜಿನಲ್ಲಿ ಅತ್ತಿಗೆ ಲ್ಯಾಂಪಣ್ಣನ ಪೆನ್ನಿನ ಮಾತನ್ನು ಅವನದೇ ದನಿಯಲ್ಲಿ ಆಡಿ ತೋರಿಸಿದಳು. ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಮಗಳು ಮೂರು ವರ್ಷದಿಂದ ಅದೇ ಲ್ಯಾಬಿನ ವಿಷಯ ಹೇಳುವಾಗ ಅಮ್ಮ ಬಟ್ಟೆ ಮಡಿಚುತ್ತಾ ಹೂಂ ಅನ್ನುತ್ತಿದ್ದಳು.

"ನಿನ್ನ ಕೆಂಪು ಯಾಕೆ ತೆಳು ಅಂತೆ?" ಎಂದು ಅಣ್ಣ ಕೇಳಿದ. "ಇವಳ ಹತ್ರ ಒಂದಿಷ್ಟು ಕೇಳ್ಕೋಬಾರ್ದಾ ಮೊಗ್ಗು? ಮನೇಲೇ ಇದ್ದಾಳೆ."

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಅಂದರೆ ಇದೇ. ಮೊಗ್ಗು ತಟ್ಟೆಯಿಂದ ತಲೆ ಎತ್ತಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಗಾಢವಾಗಿರುವುದೆಲ್ಲ ಬಣ್ಣವಲ್ಲ, ತಾಳು, ದೀಪ ಹೊತ್ತಲಿ ಅಂತ ಮನಸ್ಸಿನಲ್ಲೇ ಅಂದುಕೊಂಡಳು.

ಪರೀಕ್ಷೆಗೆ ಇನ್ನೊಂದು ವಾರವಿದೆ ಅನ್ನುವಾಗ, ಸಂಜೆ, ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವಳ ಪಕ್ಕಕ್ಕೆ ಅತ್ತಿಗೆ ಬಂದು ನಿಂತಳು. ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಮೊಗ್ಗಿನ ಕೈಗೆ ಕೊಡತೊಡಗಿದಳು.

"ಲೇ, ಒಂದು ಕೇಳ್ತೀನಿ. ನನ್ನ ನೀಲಿ ಯಾಕೋ ಅತಿಯಾಯ್ತು ಅನ್ಸಲ್ವಾ ನಿಂಗೆ? ಎಲ್ರೂ ಹೊಗಳ್ತಾರೆ, ನಂಗೇ ಒಳಗೊಳಗೆ ಭಯ. ಅಷ್ಟು ಬೇಗ ಅಷ್ಟು ದಪ್ಪ ಬೆಳೀಬಾರ್ದು ಅದು. ನಿನ್ನ ಕಣ್ಣಿಗೆ ಏನನ್ಸುತ್ತೆ, ನಿಜ ಹೇಳು."

ಮೊಗ್ಗಿನ ಕೈಯಲ್ಲಿ ಅಣ್ಣನ ಅಂಗಿಯಿತ್ತು. ಅದರ ಜೇಬಿನ ಹತ್ತಿರ ಅತ್ತಿಗೆ ಹಾಕಿದ ಹೊಲಿಗೆ, ಒಂದಕ್ಕೊಂದು ತಾಳಮೇಳವಿಲ್ಲದೆ, ಎದ್ದು ಕಾಣುತ್ತಿತ್ತು. ಆ ಜೇಬನ್ನು ಮೊದಲು ಹೊಲಿಯುತ್ತಿದ್ದವಳು ತಾನು, ನೀಟಾಗಿ. ಅಣ್ಣ ಈ ಸೊಟ್ಟ ಹೊಲಿಗೆಯನ್ನೇ ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದ.

"ಚೆನ್ನಾಗಿದೆ," ಅಂದಳು ಮೊಗ್ಗು.

ಅತ್ತಿಗೆಯ ಮುಖ ಅರಳಿತು. ನೀನು ಅಂದರೆ ಅಂದ ಹಾಗೆ, ಬೇರೆಯವರ ಹೊಗಳಿಕೆ ಕಟ್ಟಿಕೊಂಡು ಏನು, ಅಂತ ಏನೇನೋ ಹೇಳಿ ಅವಳ ಭುಜಕ್ಕೆ ಗಲ್ಲ ಒರಗಿಸಿದಳು. ಮೊಗ್ಗು ಆ ಭಾರವನ್ನು ಹೊತ್ತುಕೊಂಡು ಬಟ್ಟೆ ಮಡಿಚಿದಳು.

ಪರೀಕ್ಷೆಯ ದಿನ ಎಲ್ಲರೂ ದೀಪದ ಕೋಣೆಯಲ್ಲಿ ಸೇರಿದರು. ಕಿಟಕಿಗೆ ಕಪ್ಪು ಪರದೆ, ನಡುವೆ ಸೂರ್ಯನ ಬೆಳಕಿನ ನಕಲು ಮಾಡುವ ದೊಡ್ಡ ದೀಪ, ಅದರ ಮುಂದೆ ದ್ರವ ತುಂಬಿದ ಸಣ್ಣ ಗಾಜಿನ ಪೆಟ್ಟಿಗೆ. ಗಾಜಿನ ಚೂರನ್ನು ಕ್ಲಿಪ್ಪಿಗೆ ಕಚ್ಚಿಸಿ ಆ ದ್ರವದಲ್ಲಿ ಇಳಿಬಿಟ್ಟು, ಲ್ಯಾಂಪಣ್ಣ ದೀಪದ ಮುಂದಿನ ತಗಡು ಸರಿಸಿದರೆ, ಎದುರಿನ ಪರದೆಯಲ್ಲಿ ಗೆರೆಯೊಂದು ಮೆಟ್ಟಿಲು ಹತ್ತಿದಂತೆ ಮೇಲೇಳುತ್ತದೆ. ಮೆಟ್ಟಿಲು ಎಷ್ಟು ಎತ್ತರವೋ ವಿದ್ಯುತ್ತು ಅಷ್ಟು.

ಮೊದಲು ಕೆಂಪು. ತಗಡು ಸರಿಯಿತು, ಗೆರೆ ಚಂಗನೆ ಮೇಲೆದ್ದು ಅಲುಗದೆ ನಿಂತಿತು. ತಗಡು ಮುಚ್ಚಿದರೆ ಇಳಿಯಿತು, ತೆರೆದರೆ ಮತ್ತೆ ಅಷ್ಟೇ ಎತ್ತರಕ್ಕೆ ಎದ್ದಿತು. ಲೋಟ ತೊಳೆದ ನೀರು ಅಂದಿದ್ದ ಲ್ಯಾಂಪಣ್ಣ ಹುಬ್ಬೇರಿಸಿದ. ಮೊಗ್ಗಿನ ಕಿವಿ ಬಿಸಿಯಾಯಿತು.

ಆಮೇಲೆ ನೀಲಿ. ತಗಡು ಸರಿಯಿತು. ಗೆರೆ ನಿದ್ದೆಯಲ್ಲಿದ್ದವರು ಮಗ್ಗುಲು ಬದಲಿಸುವಷ್ಟು ಎದ್ದು ಹಾಗೇ ಕುಸಿಯಿತು. ಲ್ಯಾಂಪಣ್ಣ ಕ್ಲಿಪ್ಪು ಅಲ್ಲಾಡಿಸಿ ನೋಡಿದ, ಮತ್ತೆ ತೆರೆದ. ಅಷ್ಟೊತ್ತಿಗೆ ಗಾಜಿನಿಂದ ನೀಲಿ ಪದರ ಚಕ್ಕೆ ಚಕ್ಕೆಯಾಗಿ ಕಳಚಿ, ಬೆಳಕಿನಲ್ಲಿ ತೇಲುತ್ತಾ ತಳಕ್ಕೆ ಇಳಿಯತೊಡಗಿತು. ಅತ್ತಿಗೆ ಬಾಯಿ ತೆರೆದು ನಿಂತಿದ್ದಳು, ಅದರಿಂದ ಒಂದು ಮಾತೂ ಹೊರಡಲಿಲ್ಲ.

ಮೇಡಂ ಗಾಜನ್ನು ಎತ್ತಿಸಿ, ಮೂಲೆಯನ್ನು ದೀಪಕ್ಕೆ ಹಿಡಿದರು.

"ಸೀಸೇಲಿ ಗುರುತು ಯಾವ ಕಡೆ ಇಟ್ಟಿದ್ದೆ?"

"ಕೆಳಗೆ ಮೇಡಂ. ಗುರುತಿರೋ ಮುಖಾನೇ ತಾನೆ ಕೆಳಗೆ ಬರ್ಬೇಕಾದ್ದು."

"ಗುರುತು ಬೆನ್ನಿಗೆ ಹಾಕೋಕೆ ಶುರುಮಾಡಿ ಎಷ್ಟೋ ಕಾಲ ಆಯ್ತಲ್ಲ. ನಿಂಗೆ ಯಾ‌ರೂ ಹೇಳ್ಲಿಲ್ವಾ?"

ಅತ್ತಿಗೆಯ ಕಣ್ಣು ಮೊಗ್ಗಿನ ಕಡೆಗೆ ಹೊರಳಿತು. ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿಯಿತು ಅಂತ ಮೊಗ್ಗಿಗೂ ತಿಳಿಯಿತು: ಗುರುತು, ಬಾಲ್ಕನಿ, ಚೆನ್ನಾಗಿದೆ ಎಂಬ ಮಾತು, ಎಲ್ಲ.

"ಹೇಳಿರ್ತಾಳೆ ಮೇಡಂ," ಅಂದಳು ಅತ್ತಿಗೆ ಸಣ್ಣ ದನಿಯಲ್ಲಿ. "ನಂದೇ ಮಾತಿನ ಭರಾಟೆ, ಕೇಳಿಸ್ಕೊಂಡಿರಲ್ಲ. ತಪ್ಪು ನಂದು."

ಕೋಣೆಯವರೆಲ್ಲ ಅತ್ತಿಗೆಯ ಸುತ್ತ ಸೇರಿಕೊಂಡರು. ಒಬ್ಬರು ಬೆನ್ನು ಸವರಿದರು, ಒಬ್ಬರು ನೀರು ತಂದರು. ಲ್ಯಾಂಪಣ್ಣ ತನಗೂ ಹಿಂದೊಮ್ಮೆ ಹೀಗೇ ಆಗಿತ್ತೆಂದು ಕಥೆ ತೆಗೆದ. ಪರದೆಯಲ್ಲಿ ಕೆಂಪಿನ ಮೆಟ್ಟಿಲು ಇನ್ನೂ ಹಾಗೇ ಇತ್ತು. ಅದನ್ನು ನೋಡಲು ಯಾರೂ ಇರಲಿಲ್ಲ.

ಗೆದ್ದವಳು ಗೋಡೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಅವಳ ಹೊಟ್ಟೆಯೊಳಗಿನ ಬೆಂಕಿ ಆರಲಿಲ್ಲ, ಇನ್ನೊಂದು ಆಳು ಎತ್ತರಕ್ಕೆ ಎದ್ದಿತು. ಸೋತರೂ ಇವಳ ಸುತ್ತಲೇ ಜನ. ಅದು ಹೋಗಲಿ. ತನ್ನನ್ನು ಕಾಪಾಡಿ, ಎಲ್ಲರೆದುರು ದೊಡ್ಡವಳಾಗಿ, ತಪ್ಪನ್ನೂ ತಾನೇ ಹೊತ್ತುಕೊಂಡುಬಿಟ್ಟಳಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದೆ. ಅಣ್ಣನನ್ನು ಕೊಟ್ಟದ್ದಾಯಿತು, ಅಮ್ಮನನ್ನು ಕೊಟ್ಟದ್ದಾಯಿತು, ಸೀಟು ಹೆಲ್ಮೆಟ್ಟು ಎಲ್ಲ ಕೊಟ್ಟದ್ದಾಯಿತು. ಇದು ತನ್ನ ತಪ್ಪು, ತಾನೇ ಕೈಯಾರೆ ಬೆಳೆಸಿದ್ದು. ಅದನ್ನೂ ಇವಳಿಗೆ ಬಿಟ್ಟುಕೊಡುವುದಕ್ಕೆ ಮೊಗ್ಗಿಗೆ ಮನಸ್ಸೇ ಬರಲಿಲ್ಲ.

"ಹೇಳ್ಲಿಲ್ಲ," ಅಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಜೋರಾಗಿತ್ತು. "ಅವಳಿಗೆ ನಾನು ಹೇಳ್ಲೇ ಇಲ್ಲ ಮೇಡಂ. ಸೀಸೇಲಿ ತಲೆಕೆಳಗಾಗಿ ಇಟ್ಟಿರೋದು ಕಂಡ ಮೇಲೂ ಹೇಳ್ಲಿಲ್ಲ. ಕೇಳಿದಾಗ ಚೆನ್ನಾಗಿದೆ ಅಂದೆ. ತಪ್ಪು ನಂದು, ಅವಳದಲ್ಲ."

ಲ್ಯಾಂಪಣ್ಣನ ಕಥೆ ಅರ್ಧಕ್ಕೇ ನಿಂತಿತು. ಅವಳ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದನ್ನು ಅವರಲ್ಲಿ ಎಷ್ಟೋ ಮಂದಿ ಅದೇ ಮೊದಲು ಕೇಳಿದ್ದು.

ಮೇಡಂ ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು.

"ಗಾಜು ಮೋಸ ಮಾಡಿದ್ರೆ ಬೇರೆ ಗಾಜು ತೊಳೆದು ಬೆಳೆಸ್ಬಹುದು," ಅಂದರು. "ಗುರುತು ಹಾಕೋಳನ್ನೇ ನಂಬೋಕಾಗ್ದಿದ್ರೆ ಎಲ್ರೂ ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ಬೇಕಷ್ಟೆ."

ನೀಲಿಯನ್ನು ಹೊಸದಾಗಿ ಬೆಳೆಸಬೇಕು, ಎರಡನ್ನೂ ಮತ್ತೆ ದೀಪಕ್ಕೆ ಇಡಬೇಕು, ಅಲ್ಲಿಯವರೆಗೆ ತೀರ್ಮಾನವಿಲ್ಲ ಎಂದರು. ಹೋಗುವಾಗ ಕೈ ಚಾಚಿದರು. ಮೊಗ್ಗು ಜೇಬಿನಿಂದ ವಜ್ರದ ಮೊನೆಯ ಕಡ್ಡಿ ತೆಗೆದು ಅವರ ಅಂಗೈಯಲ್ಲಿಟ್ಟಳು.

ಆಮೇಲಿನ ದಿನಗಳಲ್ಲಿ ಮನೆ ಮನೆಯಂತಿರಲಿಲ್ಲ. ಗಿಲಕಿಯ ಸದ್ದು ನಿಂತಿತ್ತು. ಅತ್ತಿಗೆ ಬಂದಳು, ಉಂಡಳು, ಎದ್ದು ಹೋದಳು. ಏನಾಯಿತು ನಿಮಗೆ ಎಂದು ಅಣ್ಣ ಇಬ್ಬರ ಮುಖವನ್ನೂ ನೋಡಿದ. ಅಮ್ಮ ಜ್ವರವೇನೋ ಎಂದು ಸೊಸೆಯ ಹಣೆ ಮುಟ್ಟಿ ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಮೊಗ್ಗು ಕಾದಳು. ಅತ್ತಿಗೆ ಅವರಿಗೆ ಏನೂ ಹೇಳಲಿಲ್ಲ. ಕೊನೆಗೊಂದು ದಿನ ಮೆಟ್ಟಿಲು ಇಳಿಯುವಾಗ, ಹಿಂದೆ ತಿರುಗದೆ, ಮಾತಾಡಿದಳು.

"ನನ್ನ ಮೇಲೆ ಸಿಟ್ಟಿದ್ರೆ ಬೈಬೇಕಿತ್ತು. ಗುರುತಿನ ವಿಷ್ಯ ಮರೆತೆ ಅಂದ್ರೂ ಒಪ್ಕೋತೀನಿ. ಚೆನ್ನಾಗಿದೆ ಅಂದ್ಯಲ್ಲ, ಅದು ಗಂಟಲಲ್ಲೇ ಸಿಕ್ಕೊಂಡಿದೆ ನಂಗೆ."

ಮೊಗ್ಗಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಒಂದೇ.

"ಆ ಹೆಲ್ಮೆಟ್ಟು ನಂದು."

ಅತ್ತಿಗೆ ತಿರುಗಿ ನೋಡಿದಳು. "ಯಾವ ಹೆಲ್ಮೆಟ್ಟು?"

"ಹಳದೀದು. ಬೆಕ್ಕಿರೋದು."

"ಅಷ್ಟಕ್ಕಾ?"

"ಅಷ್ಟಕ್ಕೇ ಅಲ್ಲ," ಅಂದಳು ಮೊಗ್ಗು, ಗೋಡೆಯ ಸುಣ್ಣ ಕೆರೆಯುತ್ತಾ. ಅತ್ತಿಗೆ ಎರಡು ಮೆಟ್ಟಿಲು ಮೇಲೆ ಹತ್ತಿ ಬಂದಳು, ಮತ್ತೆ ಇಳಿದು ಹೋದಳು. ಆವತ್ತು ಅವಳು ಸ್ಕೂಟರ್ ಹತ್ತಲಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ, ಒಬ್ಬಳು ಮುಂದಿನ ಬಾಗಿಲಲ್ಲಿ, ಒಬ್ಬಳು ಹಿಂದಿನ ಬಾಗಿಲಲ್ಲಿ ನಿಂತು ಹೋದರು.

ಹೊಸ ನೀಲಿ ಗಾಜುಗಳಿಗೆ ಮೇಡಂ ಅವರೇ ಗೀಟು ಎಳೆದುಕೊಟ್ಟರು. ಅತ್ತಿಗೆ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಗೀಟು ಮೇಲೆ ಬರುವಂತೆ ಸೀಸೆಯಲ್ಲಿ ಒರಗಿಸಿಟ್ಟಳು. ಈ ಸಲ ಬಣ್ಣ ನಿಧಾನವಾಗಿ, ಬಂತೋ ಇಲ್ಲವೋ ಅನ್ನುವಂತೆ ಏರಿತು. ಮೊಗ್ಗು ತನ್ನ ಮೇಜಿನಿಂದಲೇ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ತಿಳಿ ನೀಲಿ, ಎಲ್ಲೂ ಒಂದು ಕಲೆಯಿಲ್ಲ. ಅದು ಚೆನ್ನಾಗಿ ಬರುತ್ತಿದೆ ಅಂತ ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆ ಮೇಡಂ ಜೊತೆ ಬೇರೆ ಕಟ್ಟಡಕ್ಕೆ ಹೋಗಿದ್ದಳು. ಯಾರೋ ಕಪಾಟಿನ ಬಾಗಿಲು ಬಡಿದ ರಭಸಕ್ಕೆ ಮೇಜು ಅದುರಿ, ಒಂದು ಸೀಸೆಯಲ್ಲಿ ಗಾಜು ಜಾರಿ ತಳದಲ್ಲಿ ಮಲಗಿಬಿಟ್ಟಿತು. ಲೇಪದ ಮುಖ ಸೀಸೆಯ ತಳಕ್ಕೆ ಒತ್ತಿಕೊಂಡಿತ್ತು. ಹಾಗೇ ಬಿಟ್ಟರೆ ಆ ಕಡೆ ದ್ರಾವಣ ಸುಳಿಯದೆ ಬೆಳವಣಿಗೆ ನಿಂತುಹೋಗುತ್ತದೆ. ಇದ್ದುದರಲ್ಲಿ ಎಲ್ಲಕ್ಕಿಂತ ಚೆಂದ ಬಂದಿದ್ದ ಗಾಜು ಅದೇ. ಅಲ್ಲಿ ಮೊಗ್ಗು ಬಿಟ್ಟರೆ ಬೇರಾರೂ ಇರಲಿಲ್ಲ.

ಅವಳು ಅದನ್ನು ನೋಡುತ್ತಾ ನಿಂತಳು. ತಾನು ತಳ್ಳಿದ್ದಲ್ಲ. ಈ ಸಲ ನಿಜಕ್ಕೂ ತಾನು ಏನೂ ಮಾಡಿದ್ದಲ್ಲ. ಹಾಳಾದವಳ ಅದೃಷ್ಟವೇ, ಬೀಳುವುದಿದ್ದರೆ ನನ್ನ ಕಣ್ಣೆದುರೇ ಬೀಳಬೇಕಿತ್ತೇ, ಇನ್ನಾರಾದರೂ ನೋಡಬಾರದಿತ್ತೇ ಎಂದು ಬೈದುಕೊಂಡಳು. ಬೈಯುತ್ತಲೇ ಚಿಮಟ ತೊಳೆದು ತಂದಳು. ಬೈಯುತ್ತಲೇ ಗಾಜಿನ ಅಂಚನ್ನು ಹಿಡಿದು, ಬಣ್ಣಕ್ಕೆ ತಾಗದಂತೆ, ಗೀಟು ಮೇಲೆ ಬರುವಂತೆ ಮೊದಲಿನ ಹಾಗೆ ಒರಗಿಸಿದಳು. ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಸಂಜೆ ಅತ್ತಿಗೆ ಮರಳಿದಾಗ, ಅವಳ ಕಡೆ ನೋಡದೆ, ಗಾಜು ಬಿದ್ದಿತ್ತು, ಎತ್ತಿಟ್ಟಿದ್ದೇನೆ ಎಂದು ತನ್ನ ಸೀಸೆಗೆ ಹೇಳುವಂತೆ ಹೇಳಿದಳು. ಅತ್ತಿಗೆ ಸೀಸೆಯನ್ನೂ ಅವಳನ್ನೂ ಬಹಳ ಹೊತ್ತು ನೋಡಿದಳು.

ಎರಡನೆಯ ಪರೀಕ್ಷೆಯಲ್ಲಿ ಕೆಂಪಿನ ಮೆಟ್ಟಿಲು ಮೊದಲಿನಷ್ಟೇ ಎತ್ತರಕ್ಕೆ ಎದ್ದಿತು. ನೀಲಿಯದು ಅದನ್ನು ದಾಟಿ ಹೋಯಿತು. ಕೂದಲೆಳೆಯ ಅಂತರವೇನಲ್ಲ, ವಾದಿಸಲು ಜಾಗವಿಲ್ಲದಷ್ಟು. ದೀಪಕ್ಕೆ ಇಟ್ಟದ್ದು ಆ ಜಾರಿಬಿದ್ದ ಗಾಜನ್ನೇ. ಮೂಲೆಯಲ್ಲಿ ತನ್ನ ಚಿಮಟ ಹಿಡಿದ ಕಡೆ ಬಣ್ಣ ಹತ್ತದ ಸಣ್ಣ ಮಚ್ಚೆಯಂಥ ಗುರುತು ಬಿದ್ದಿದ್ದರಿಂದ ಮೊಗ್ಗಿಗೆ ಅದು ತಿಳಿಯಿತು. ಮೇಡಂ ಪರದೆಯಿಂದ ಈಚೆ ತಿರುಗಿದರು. ನೀಲಿ ಉಳಿಯುತ್ತದೆ ಅಂದರು. ಕೆಂಪಿನ ಸೀಸೆಗಳನ್ನು ತೊಳೆದಿಡು ಅಂದರು.

ಮೊಗ್ಗು ತೊಳೆದಳು. ಒಂದೊಂದು ಸೀಸೆಯಿಂದಲೂ ತಿಳಿಗೆಂಪು ನೀರು ತೊಟ್ಟಿಗೆ ಇಳಿದು ಹೋಯಿತು. ಲೋಟ ತೊಳೆದ ನೀರು ಅಂದಿದ್ದನಲ್ಲ ಲ್ಯಾಂಪಣ್ಣ, ಸರಿಯಾಗೇ ಅಂದಿದ್ದ. ಅಳು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ. ಹೊಟ್ಟೆಯ ಉರಿ ಮಾತ್ರ ಅಲ್ಲೇ ಇತ್ತು, ನಿಗಿನಿಗಿ ಅನ್ನದೆ, ಬೂದಿಯ ಕೆಳಗಿನ ಕೆಂಡದ ಹಾಗೆ. ನಾಳೆಯಿಂದ ಎಲ್ಲಿಗೆ, ಯಾವ ಮೇಜಿಗೆ ಎಂದು ಯೋಚಿಸುತ್ತಿದ್ದಾಗ ಪಕ್ಕದಲ್ಲಿ ಟಕ್ ಅಂತ ಸದ್ದಾಯಿತು. ಕತ್ತರಿಸಿದ ಹೊಸ ಗಾಜುಗಳ ಪೆಟ್ಟಿಗೆ. ಅದರ ಮೇಲೆ ವಜ್ರದ ಮೊನೆಯ ಕಡ್ಡಿ.

ಅತ್ತಿಗೆ ಅಲ್ಲೇ ನಿಂತಿದ್ದಳು. ಜೊತೆಗಾರರನ್ನು ಆರಿಸಿಕೊಳ್ಳುವ ಮಾತು ಈಗ ಅವಳದಾಗಿತ್ತು.

"ಮೇಡಂ ಹತ್ರ ಕೇಳಿ ಇಸ್ಕೊಂಡ್ಬಂದೆ. ಗುರುತು ನೀನೇ ಹಾಕು," ಅಂದಳು. "ಯಾವ ಕಡೆಗೆ ಅಂತ ಮಾತ್ರ ಬಾಯ್ಬಿಟ್ಟು ಹೇಳು."

ಲ್ಯಾಬಿನಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದರು, ಎಲ್ಲರ ಕಿವಿಯೂ ಇತ್ತಲೇ ಇತ್ತು. ಮೊಗ್ಗು ಒದ್ದೆ ಕೈಯನ್ನು ಒರೆಸಿಕೊಂಡಳು. ಕಡ್ಡಿಯನ್ನು ಎತ್ತಿಕೊಳ್ಳುವಾಗಲೂ, ಇದನ್ನು ಇಷ್ಟು ಸಲೀಸಾಗಿ ಕೊಡಲು ಇವಳಿಗೆ ಹೇಗೆ ಮನಸ್ಸು ಬಂತು, ನಾನಾಗಿದ್ದರೆ ಕೊಡುತ್ತಿದ್ದೆನೇ ಎಂದು ಒಳಗೆ ಚುರುಕ್ ಅಂದಿತು. ಮೊದಲ ಗಾಜನ್ನು ತೆಗೆದು, ಮೀಟರಿನ ಮೊನೆ ತಾಗಿಸಿ ನೋಡಿ, ಮಗುಚಿದಳು.

"ಬೆನ್ನಿಗೆ ಕಣೇ ಅತ್ತಿಗೆ," ಅಂದಳು, ದೀಪದ ಕೋಣೆಯವರೆಗೂ ಕೇಳುವಂತೆ.